ಎಲ್‌ಸಿ ಅರ್ಜಿಗೆ ಸಹಿ ಹಾಕುವ ಮೊದಲು ಹಿಂದಿನ ಪುಟ ಓದಿ

ಪಣಂಬೂರು ಬಂದರಿಗೆ ನೀವು ಎಲ್‌ಸಿ ಮೇಲೆ ತರಿಸಿದ ಆಫ್ರಿಕಾದ ಗೇರುಬೀಜ ಬಂತು ಅಂತಿಟ್ಟುಕೊಳ್ಳಿ. ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಹೇಳಿದ ಕಾಗದಪತ್ರ ಒಪ್ಪಿಸಿದರೆ ಮಾರಿದವರಿಗೆ ಹಣ ಕೊಡುತ್ತೇನೆ ಎಂದು ನಿಮ್ಮ ಬ್ಯಾಂಕ್ ಕೊಡುವ ಮಾತು. ಕಟಿಂಗ್ ಟೆಸ್ಟ್ (ಮಾದರಿ ಬೀಜ ಕತ್ತರಿಸಿ ನೋಡುವುದು) ಮಾಡಿದರೆ ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗುವ ತಿರುಳು, 42 ಪೌಂಡ್. ಮಾತಾಡಿದ್ದು 48. ಅಂದರೆ 80 ಕೆಜಿಯ ಚೀಲವೊಂದಕ್ಕೆ ಆರು ಪೌಂಡ್ ತಿರುಳು ಕಡಿಮೆ. ಬ್ಯಾಂಕಿಗೆ ಓಡಿ ‘ದುಡ್ಡು ಕೊಡಬೇಡಿ ಸಾರ್’ ಅಂದರೆ ಮ್ಯಾನೇಜರ್ ಕೈಚೆಲ್ಲುತ್ತಾರೆ. ಕಾಗದಪತ್ರ ಸರಿಯಿದ್ದರೆ ಅವರು ಕೊಡಲೇಬೇಕು. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಜಿಲ್ಲೆ ನಮ್ಮದು. ಆದರೂ ಅರ್ಜಿಯ ಸಣ್ಣಕ್ಷರ ಓದುವವರು ಕಡಿಮೆ.

ಮೊದಲು, ಎಲ್‌ಸಿಯಲ್ಲಿ ‘ಯುಸಿಪಿ 600’ ಎಂದಿದೆಯೇ ನೋಡಿ. ಇದು ಐಸಿಸಿ ನಿಯಮಾವಳಿ. ಕ್ರಿಕೆಟಿನ ಐಸಿಸಿ ಅಲ್ಲ, ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ. 2007ರ ಜುಲೈ 1ರಿಂದ ಜಾರಿಯಲ್ಲಿದೆ. ಇದರ 5ನೇ ಕಲಮಿನ ಪ್ರಕಾರ ಬ್ಯಾಂಕಿನ ವ್ಯವಹಾರ ಕಾಗದದ ಜೊತೆ ಮಾತ್ರ, ಸರಕಿನ ಜೊತೆ ಅಲ್ಲ. ಕಾಗದ ಖೋಟಾ ಆಗಿದ್ದರೂ, ಮಾಲು ಹಾಳಾಗಿದ್ದರೂ ಬ್ಯಾಂಕ್ ಹೊಣೆಯಲ್ಲ ಅನ್ನುವುದು 34ನೇ ಕಲಮು. ಹೊರದೇಶದ ಬ್ಯಾಂಕ್ ಎಡವಟ್ಟು ಮಾಡಿದರೆ? 37ನೇ ಕಲಮಿನಂತೆ ಅದೂ ನಿಮ್ಮ ತಲೆಗೇ. ಕೋರ್ಟಿನಿಂದ ತಡೆ ತರೋಣ ಅಂದರೆ ಘೋರ ವಂಚನೆ ತೋರಿಸಬೇಕು. ಬರೀ ಗುಣಮಟ್ಟದ ತಕರಾರಿಗೆ ಅದು ಸಿಗುವುದು ಕಷ್ಟ.

ಹಾಗಾದರೆ ಏನು ಮಾಡುವುದು? ನಿಮಗಿರುವ ಹೆದರಿಕೆಯನ್ನೇ ಒಂದು ಕಾಗದ ಮಾಡಿ. ಸುಮ್ನೆ ‘ಒಳ್ಳೆ ಬೀಜವೇ ಇರಬೇಕು’ ಎಂದು ಎಲ್‌ಸಿಯಲ್ಲಿ ಬರೆಸಿದರೆ ಪ್ರಯೋಜನವಿಲ್ಲ. ದಾಖಲೆ ಕೇಳದ ಷರತ್ತನ್ನು ಬ್ಯಾಂಕ್ ಇಲ್ಲವೆಂದೇ ಲೆಕ್ಕ ಹಾಕುತ್ತದೆ. 14ನೇ ಕಲಮು ಹೇಳುವುದೇ ಅದನ್ನು. ಬದಲಿಗೆ ಹೀಗೆ ಬರೆಸಿ: ‘ಇಂಥ ತಪಾಸಣಾ ಕಂಪನಿ ಲೋಡಿಂಗ್ ಸಮಯದಲ್ಲಿ ಕೊಟ್ಟ ಸರ್ಟಿಫಿಕೇಟ್, ಔಟ್‌ಟರ್ನ್ 48 ಪೌಂಡಿಗೆ ಕಡಿಮೆಯಿಲ್ಲ ಎಂದು ಅದರಲ್ಲಿರಬೇಕು’. ಕಂಪನಿ ನೀವು ಆರಿಸಿದ್ದೇ ಆಗಿರಲಿ, ಮಾರುವವರು ಹೇಳಿದ್ದಲ್ಲ. ಸರ್ಟಿಫಿಕೇಟ್ ನಂಬರನ್ನು ಆ ಕಂಪನಿಗೇ ಮೇಲ್ ಮಾಡಿ ಖಚಿತಪಡಿಸಿಕೊಳ್ಳಿ. ಅಸಲಿ ಹೌದಾ ಎಂದು ನೋಡುವುದು ಬ್ಯಾಂಕಿನ ಕೆಲಸವಲ್ಲವಲ್ಲ.

ಕಾಫಿ ರಫ್ತು ಮಾಡುವವರಿಗೆ ಕಾಟ ಕೊಡುವುದು 36ನೇ ಕಲಮು. ಮುಷ್ಕರ, ಗಲಭೆ, ನೆರೆ ಅಂತ ಬ್ಯಾಂಕ್ ಮುಚ್ಚಿದಾಗ ಎಲ್‌ಸಿ ಅವಧಿ ಮುಗಿದರೆ ಮುಗಿಯಿತು, ಮತ್ತೆ ತೆರೆದ ಮೇಲೆ ಹಣ ಕೇಳುವಂತಿಲ್ಲ. ಕೊನೆಯ ದಿನ ಭಾನುವಾರವೋ ಮಾಮೂಲಿ ರಜೆಯೋ ಆಗಿದ್ದರೆ ಮಾತ್ರ ಮುಂದಿನ ಕೆಲಸದ ದಿನ ಕಾಗದ ಕೊಡಬಹುದು. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ, ಹಡಗಿಗೆ ಹಾಕಿದ 21 ದಿನದೊಳಗೆ ಕಾಗದ ಒಪ್ಪಿಸಬೇಕು. ಆದರೆ ಇಪ್ಪತ್ತನೇ ದಿನದವರೆಗೆ ಯಾಕೆ ಕಾಯಬೇಕು? ಬಿಲ್ ಆಫ್ ಲೇಡಿಂಗ್ (ಮಾಲು ಹತ್ತಿಸಿಕೊಂಡಿದ್ದಕ್ಕೆ ಹಡಗಿನವರು ಕೊಡುವ ರಸೀದಿ) ಕೈಗೆ ಬಂದ ಮರುದಿನವೇ ಕೊಟ್ಟುಬಿಡಿ.

ಮತ್ತೆ ಆಮದುದಾರರ ವಿಷಯಕ್ಕೆ ಬರೋಣ. ಕಾಗದ ಬಂದ ಮೇಲೆ ಅದನ್ನು ನೋಡಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನ. ಇನ್‌ವಾಯ್ಸಿನಲ್ಲಿ ಏನೋ ವ್ಯತ್ಯಾಸ ಕಂಡರೆ ನಿಮಗೆ ಫೋನ್ ಬರುತ್ತದೆ: ‘ಡಿಸ್‌ಕ್ರೆಪೆನ್ಸಿ ಇದೆ, ಒಪ್ಪಿಕೊಳ್ತೀರಾ?’ ನಿಮಗೆ ಬಾಯಿ ಬಿಡಲು ಸಿಗುವ ಅವಕಾಶ ಅದೊಂದೇ. ಸರ್ಟಿಫಿಕೇಟ್ ವಿಚಾರಿಸಿ ಆಗುವ ತನಕ ‘ಆಯ್ತು ಸಾರ್’ ಅನ್ನಬೇಡಿ.