ಬಿಳುಪಿನ ಫೇಶಿಯಲ್ ನಿಲ್ಲಿಸಿದ ಮೇಲೆ ನನ್ನ ಪಾರ್ಲರ್ ನಡೆದ ಬಗೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾರ್ಲರ್ ಇಟ್ಟುಕೊಂಡು ‘ಬೆಳ್ಳಗಾಗಿಸುವ ಕೆಲಸ ಮಾಡುವುದಿಲ್ಲ’ ಎಂದರೆ ಬಾಡಿಗೆ ಹೇಗೆ ಕಟ್ಟುತ್ತೀಯಾ ಎಂದು ಕೇಳಿದವರೇ ಹೆಚ್ಚು. ಬ್ಲೀಚ್, ಡಿ-ಟ್ಯಾನ್, ಫೇರ್‌ನೆಸ್ ಫೇಶಿಯಲ್ ಮೂರನ್ನೂ ಬಿಟ್ಟು ನಾಲ್ಕೈದು ವರ್ಷವಾಯಿತು. ಈಗ ಡಿಸೆಂಬರಿನಲ್ಲಿ ದುಬೈ, ಕತಾರ್, ಕೆನಡಾದಿಂದ ರಜೆಗೆ ಬಂದವರಿಗೆ ಸಮಯ ಹೊಂದಿಸುವುದೇ ಕಷ್ಟ.

ಈ ಗಿರಾಕಿಗಳ ಪಾಡು ಬೇರೆ. ಅಲ್ಲಿ ಜೊತೆಯವರು ‘ನಿನ್ನ ಬಣ್ಣ ಎಷ್ಟು ಚೆಂದ’ ಎಂದಿರುತ್ತಾರೆ. ಅದೇ ಬಣ್ಣಕ್ಕೆ ಇಲ್ಲಿ ದೊಡ್ಡಮ್ಮ, “ಫಾರಿನ್ನಿಗೆ ಹೋಗಿಯೂ ಕಪ್ಪಾಗಿಯೇ ಬಂದೆಯಲ್ಲೇ” ಎನ್ನುತ್ತಾರೆ. ಕೆಲವರಿಗೆ ಅಲ್ಲಿಯೂ ತಲೆಯೆಣ್ಣೆಯ ವಾಸನೆ, ಕೈಮೇಲಿನ ಕೂದಲು ಎಂದು ಚುಚ್ಚುಮಾತು. ಕನ್ನಡಿಯ ಮುಂದೆ ಕೂರಿಸಿದರೆ ಸಾಕು, ದೂರು ಶುರು.

ಮೊದಲು ಆಪ್ತಸಮಾಲೋಚಕಿಯೊಬ್ಬರನ್ನು ವಾರಕ್ಕೊಮ್ಮೆ ಕರೆಸಿ ಬೋರ್ಡ್ ಹಾಕಿಸಿದೆ. “ನಮಗೇನು ತಲೆ ಕೆಟ್ಟಿದೆಯಾ?” ಎಂದು ಬಾಗಿಲಿನಿಂದಲೇ ತಿರುಗಿದರು. ಸುಮಾರು ಇಪ್ಪತ್ತು ಸಾವಿರ ನೀರಿಗೆ ಹೋಯಿತು. ಆಮೇಲೆ ಎಲ್ಲ ಕನ್ನಡಿಗೂ ಪರದೆ ಬಿಟ್ಟೆ. ಹುಬ್ಬು ತೆಗೆಸಲು ಬಂದವರು ಬೈದರು, ಬೈಯದೆ ಇನ್ನೇನು! ತಿಂಗಳಿಗೆ ಎಪ್ಪತ್ತು ಸಾವಿರದ ಹತ್ತಿರವಿದ್ದ ವ್ಯಾಪಾರ ನಲವತ್ತಕ್ಕೆ ಇಳಿಯಿತು. ಮನೆಯವರು ಅಂಗಡಿ ಮುಚ್ಚು ಎಂದರು.

ಕೈ ಹಿಡಿದದ್ದು ಹಿಂದಿನ ಕೋಣೆ. ಅಲ್ಲಿ ಕನ್ನಡಿಯೇ ಇಲ್ಲ. ಮೊದಲ ದಿನ ಮುಖ ಮುಟ್ಟುವುದಿಲ್ಲ. ತಲೆಗೆ ಎಣ್ಣೆ, ಆಮೇಲೆ ದಾಸವಾಳ ಮತ್ತು ಮತ್ತಿ ಸೊಪ್ಪಿನ ಗೊಂಪು (ಸೊಪ್ಪು ಕಿವುಚಿದ ಲೋಳೆ), ಅಷ್ಟೇ. ನಾನು ಬೆನ್ನ ಹಿಂದೆ ನಿಂತಿರುತ್ತೇನೆ, ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿಯೇ ಹೊರಬರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ. ಅದನ್ನೂ ಎಣ್ಣೆಯ ಪಾಕವನ್ನೂ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ತೀರ್ಥಹಳ್ಳಿ ಕಡೆಯ ನರ್ಸ್ ಒಬ್ಬಳು, ಗಲ್ಫಿನಲ್ಲಿ ಇರುವವಳು, ಎರಡನೆಯ ಸಲ ಬಂದಾಗ ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಟ್ಯೂಬ್ ತೆಗೆದಳು. ಬೆಳ್ಳಗಾಗಲೆಂದು ಹಚ್ಚುತ್ತಿದ್ದ ಸ್ಟೆರಾಯ್ಡ್ ಕ್ರೀಮು. ಕೆನ್ನೆಯ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ದಾರದಂತೆ ಕಾಣುತ್ತಿದ್ದವು. ನರ್ಸ್ ಆಗಿಯೂ! ವೈದ್ಯರ ಚೀಟಿಯಿಲ್ಲದೆ ಇಂಥವನ್ನು ಮಾರಬಾರದೆಂದು 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಊರಿನಿಂದ ಪಾರ್ಸೆಲ್ ಹೋಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮುಖ ಉರಿದು ಇನ್ನಷ್ಟು ಕೆಂಪಾಗುವುದರಿಂದ ನಾನು ಕೈ ಹಾಕಲಿಲ್ಲ, ಚರ್ಮವೈದ್ಯರ ಬಳಿಗೆ ಕಳುಹಿಸಿದೆ. ನಿದ್ದೆಯಿಲ್ಲ, ಊಟ ಸೇರದು, ಬದುಕು ಬೇಡ ಎನ್ನುವ ಮಾತು ಬಂದರೂ ನಾನು ಕೈ ಹಾಕುವುದಿಲ್ಲ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ, ಗೋಡೆಯ ಮೇಲೇ ಇದೆ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಈ ನಡುವೆ ಮುರುಗಲು ತುಪ್ಪದ (ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆ) ಹುಚ್ಚೂ ಹತ್ತಿತ್ತು. ಕೆನಡಾದ ಒಣ ಚಳಿಗೆ ಬಿರಿದ ಹಿಮ್ಮಡಿಗೆ ಚೆನ್ನಾಗಿ ಹಿಡಿಯಿತು. ತುಟಿಗೆಂದು ಜೇನುಮೇಣ ಬೆರೆಸಿದ್ದು ಕಲ್ಲಾಯಿತು. ಡಬ್ಬಿಗೆ ನೂರೈವತ್ತರಂತೆ ಹಿಮ್ಮಡಿಯದ್ದು ಮಾತ್ರ ಮಾರುತ್ತೇನೆ.

ವ್ಯಾಪಾರ ಹಳೆಯ ಎಪ್ಪತ್ತನ್ನು ದಾಟಿದೆ, ರಜೆಯ ತಿಂಗಳಲ್ಲಿ ಲಕ್ಷದ ಹತ್ತಿರ. ಆಗ ನಕ್ಕಿದ್ದ ಪಕ್ಕದ ಬೀದಿಯ ಪಾರ್ಲರಿನವರು ಕಳೆದ ಬೇಸಿಗೆಯಲ್ಲಿ ಮಸ್ಕತ್‌ನಿಂದ ಬಂದ ನಾದಿನಿಯನ್ನು ನನ್ನಲ್ಲಿಗೇ ಕಳುಹಿಸಿದರು. ರಿಯಾಯಿತಿ ಕೇಳಿದರು, ಕೊಡಲಿಲ್ಲ.