ಕಿರೀಟ ತುಂಡಾಗದಂತೆ ಪೋಸ್ಟ್ ಹಾಕುವುದು ಹೇಗೆ?

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ಆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಮಂಗಳೂರು–ಉಡುಪಿ ಕಡೆಯವರ ಮೊಬೈಲಿನಲ್ಲಿ ಆಮಂತ್ರಣಗಳದ್ದೇ ಜಾತ್ರೆ. ಬಯಲಾಟ, ನೇಮೋತ್ಸವ, ಬ್ರಹ್ಮಕಲಶ, ಯುವಕ ಮಂಡಲದ ವಾರ್ಷಿಕೋತ್ಸವ, ನಡುನಡುವೆ ಕಂಬಳ. ಅಚ್ಚಾದ ಪತ್ರಿಕೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಅದೇ ಇನ್‌ಸ್ಟಾಗ್ರಾಂಗೆ ಬರುವಾಗ ಮೇಲೆ ದೇವರ ಹೆಸರಿಲ್ಲ, ಕೆಳಗೆ ತಾರೀಕಿಲ್ಲ. ನಡುವೆ ಕುಳಿತ ಅಧ್ಯಕ್ಷರ ಫೋಟೊ ಮಾತ್ರ ಕ್ಷೇಮ.

ಬೈಗುಳ ತಿನ್ನುವುದು ಆ್ಯಪ್. ಆದರೆ ಕೆಲಸ ಕೆಟ್ಟಿರುವುದು ಅದಕ್ಕೂ ಮೊದಲೇ: ಕಾಗದಕ್ಕೆಂದು, ಇಲ್ಲವೇ ಫ್ಲೆಕ್ಸ್‌ಗೆಂದು ಮಾಡಿದ ಚಿತ್ರವನ್ನೇ ಎಲ್ಲ ಕಡೆಗೂ ತಳ್ಳಿದಾಗ. ಎಲ್ಲಿ ಕತ್ತರಿಸಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿಬಿಟ್ಟರೆ ಆ್ಯಪ್‌ಗೆ ಕತ್ತರಿ ಹಿಡಿಯಲು ಕಾರಣವೇ ಇರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಮೊಬೈಲ್, ಯಾವುದಾದರೂ ಉಚಿತ ಎಡಿಟಿಂಗ್ ಆ್ಯಪ್, ಸ್ವಲ್ಪ ಪ್ರೈಮರಿ ಶಾಲೆಯ ಲೆಕ್ಕ.

ಮೊದಲು ಆಕಾರ ನೋಡಿ

“ಫೋಟೊ ತುಂಬ ದೊಡ್ಡದಿತ್ತು, ಅದಕ್ಕೆ ಕಟ್ ಆಯಿತು” ಎನ್ನುವವರು ಬಹಳ. ದೊಡ್ಡದಾದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಅಷ್ಟೆ. ಕತ್ತರಿ ಬೀಳುವುದು ಆಕಾರ ಹೊಂದದಿದ್ದಾಗ. ಆಕಾರವೆಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ: 1:1 ಎಂದರೆ ಚೌಕ, 4:5 ಎಂದರೆ ಸ್ವಲ್ಪ ಎತ್ತರ, 9:16 ಎಂದರೆ ಫೋನಿನ ಪರದೆಯಷ್ಟು ಉದ್ದ.

ಆಮಂತ್ರಣ ಪತ್ರಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರ. ಇನ್‌ಸ್ಟಾಗ್ರಾಂನ ಅಗಲವಾದ 1080 ಪಿಕ್ಸೆಲ್‌ಗೆ (ಪಿಕ್ಸೆಲ್ ಎಂದರೆ ಪರದೆಯ ಚಿತ್ರದ ಒಂದು ಚುಕ್ಕಿ) ಇದನ್ನು ತಂದರೆ ಎತ್ತರ ಸುಮಾರು 1527 ಆಗುತ್ತದೆ. 4:5 ಪೋಸ್ಟ್‌ನಲ್ಲಿ ಇರುವ ಜಾಗ 1350 ಮಾತ್ರ. ಉಳಿದ 177 ಪಿಕ್ಸೆಲ್ ಎಲ್ಲಿಗೆ ಹೋಗಬೇಕು? ಮೇಲೆ 88, ಕೆಳಗೆ 88 ಹಾರಿಹೋಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಮೇಲಿನ ಅಂಚಿನಲ್ಲಿ “ಶ್ರೀ ದುರ್ಗಾಪರಮೇಶ್ವರೀ ಪ್ರಸನ್ನ” ಇರುತ್ತದೆ, ಕೆಳಗಿನ ಅಂಚಿನಲ್ಲಿ ಸ್ಥಳ ಮತ್ತು ಸಮಯ. ಸರಿಯಾಗಿ ಅವೆರಡಕ್ಕೇ ಪೆಟ್ಟು.

ಇನ್‌ಸ್ಟಾಗ್ರಾಂ 2015ರವರೆಗೆ ಚೌಕ ಬಿಟ್ಟು ಬೇರೇನನ್ನೂ ಒಪ್ಪುತ್ತಿರಲಿಲ್ಲ. ಆಮೇಲೆ ಉದ್ದಕ್ಕೆ 4:5, ಅಡ್ಡಕ್ಕೆ 1.91:1ರವರೆಗೆ ಅವಕಾಶ ಕೊಟ್ಟಿತು. 2025ರಲ್ಲಿ 3:4 ಕೂಡ ಬಂತು, ಅಂದರೆ 1080×1440. ಅದೇ ವರ್ಷದ ಆರಂಭದಲ್ಲಿ ಪ್ರೊಫೈಲ್‌ನಲ್ಲಿ ಸಾಲಾಗಿ ಕಾಣುವ ಚೌಕಗಳೂ 3:4ರ ಉದ್ದ ಪೆಟ್ಟಿಗೆಗಳಾದವು. ಚೌಕದ ಕಾಲದಲ್ಲಿ ಚೆಂದವಾಗಿ ಜೋಡಿಸಿಟ್ಟಿದ್ದ ಬೇಕರಿ, ಸೀರೆ ಅಂಗಡಿಗಳ ಪೇಜುಗಳಲ್ಲಿ ರೇಟು, ಹೆಸರು ಎಲ್ಲ ಎಡಬಲಕ್ಕೆ ತುಂಡಾದದ್ದು ಇದರಿಂದಲೇ. 1080ರ ಚೌಕವನ್ನು ಆ ಪೆಟ್ಟಿಗೆಯಲ್ಲಿ ಕೂರಿಸಿದರೆ ಕಾಣುವುದು ನಡುವಿನ 810 ಮಾತ್ರ, ಎರಡೂ ಬದಿಯಲ್ಲಿ 135 ಮಾಯ.

ತೆಗೆಯುವಾಗಲೇ ಜಾಗ ಬಿಡಿ

ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 4:3, 16:9, ಫುಲ್ ಎಂಬ ಆಯ್ಕೆಗಳಿರುತ್ತವೆ. 4:3 ಇಡಿ. ಹೆಚ್ಚಿನ ಫೋನುಗಳ ಸೆನ್ಸರ್ ಇರುವುದೇ ಆ ಆಕಾರದಲ್ಲಿ. ಉಳಿದವು ಅದರಿಂದಲೇ ಕತ್ತರಿಸಿ ಕೊಡುವ ತುಂಡುಗಳು. ಫೋನನ್ನು ನೆಟ್ಟಗೆ ಹಿಡಿದು 4:3ರಲ್ಲಿ ತೆಗೆದ ಫೋಟೊ ಸರಿಯಾಗಿ 3:4 ಆಗುತ್ತದೆ, ಇನ್‌ಸ್ಟಾಗ್ರಾಂನಲ್ಲಿ ಈಗ ಒಂದು ಕೂದಲೂ ಕೊಂಕದೆ ಕೂರುತ್ತದೆ.

ಯಕ್ಷಗಾನದ ಆಟದ ಫೋಟೊ ತೆಗೆಯುವವರು ವೇಷದ ಕಣ್ಣಿಗೆ ಫೋಕಸ್ ಇಡುತ್ತಾರೆ, ಕಿರೀಟದ ತುದಿಯನ್ನು ಮರೆಯುತ್ತಾರೆ. ಬಣ್ಣದ ವೇಷದ ತಟ್ಟಿ ಕಿರೀಟ ಫ್ರೇಮಿನ ಅಂಚಿಗೆ ತಾಗಿಕೊಂಡಿದ್ದರೆ ಆ ಫೋಟೊಗೆ ಮುಂದೆ ಯಾವ ಆ್ಯಪ್‌ನಲ್ಲೂ ಉಳಿಗಾಲವಿಲ್ಲ. ಎರಡು ಹೆಜ್ಜೆ ಹಿಂದೆ ಬನ್ನಿ. ಕಿರೀಟದ ಮೇಲೆ ಒಂದು ಮುಖದಷ್ಟು ಖಾಲಿ ಜಾಗ ಬಿಡಿ. ಕತ್ತಲೆಯೇ ತುಂಬಿದ್ದರೂ ಅಡ್ಡಿಯಿಲ್ಲ, ಬೇಡವೆನಿಸಿದರೆ ಮತ್ತೆ ತೆಗೆಯಬಹುದು. ಹುಲಿವೇಷಕ್ಕೂ ಇದೇ ಮಾತು. ಹಾರಿದ ಹುಲಿಯ ಬಾಲ ಫ್ರೇಮಿನೊಳಗೆ ಇದ್ದರೇ ಅದು ಹುಲಿ ಮಾರಾಯ್ರೆ.

ಕಂಬಳದ ಫೋಟೊದ ಕಷ್ಟ ಬೇರೆ. ಮುಂದೆ ಜೋಡಿ ಕೋಣ, ಹಿಂದೆ ಓಟಗಾರ, ಎರಡೂ ಬದಿಗೆ ಚಿಮ್ಮುವ ಕೆಸರು ನೀರು. ಇದು ಹುಟ್ಟಿನಿಂದಲೇ ಅಡ್ಡ ಚಿತ್ರ. ಉದ್ದ ಮಾಡಲು ಹೋದರೆ ಒಂದೋ ಕೋಣದ ಮೂತಿ ಹೋಗುತ್ತದೆ, ಇಲ್ಲವೇ ಓಟಗಾರನೇ ಮಾಯ. ಪರದೆ ತುಂಬದಿದ್ದರೂ ಚಿಂತೆಯಿಲ್ಲ, ಅಡ್ಡವಾಗಿಯೇ ಹಾಕಿ ಎಂಬುದು ನನ್ನ ಮತ. ತುಂಬಲೇಬೇಕು ಎನ್ನುವವರಿಗೆ ಒಂದು ಉಪಾಯವಿದೆ. ಡಿಎಸ್‌ಎಲ್‌ಆರ್ ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 3:2. ಅದನ್ನು 2160×1440ಕ್ಕೆ ಇಳಿಸಿ ನಟ್ಟನಡುವೆ ಸೀಳಿದರೆ 1080×1440ರ ಎರಡು ಚಿತ್ರಗಳು, ಅಂದರೆ ಎರಡು 3:4, ಒಂದು ಪಿಕ್ಸೆಲ್ ಕೂಡ ನಷ್ಟವಿಲ್ಲದೆ ಸಿಗುತ್ತವೆ. ಎರಡನ್ನೂ ಒಂದೇ ಪೋಸ್ಟ್‌ನಲ್ಲಿ ಕ್ರಮವಾಗಿ ಹಾಕಿ. ಬೆರಳು ಸರಿಸಿದರೆ ಓಟಗಾರನಿಂದ ಕೋಣದವರೆಗೆ ಚಿತ್ರ ಹರಿದುಬರುತ್ತದೆ. ಸೀಳು ಓಟಗಾರನ ಕೈಮೇಲೆ ಬೀಳದಂತೆ ಮಾತ್ರ ನೋಡಿಕೊಳ್ಳಿ.

ಹೀಗೆ ಹಲವು ಫೋಟೊ ಒಟ್ಟಿಗೆ ಹಾಕುವಾಗ ಮೊದಲ ಫೋಟೊದ ಆಕಾರವೇ ಉಳಿದವುಗಳಿಗೂ ಅಂಟುತ್ತದೆ ಎಂದಿಟ್ಟುಕೊಂಡೇ ತಯಾರಿ ಮಾಡಿ. ಮೊದಲನೆಯದು ಚೌಕವಾದರೆ ಹಿಂದಿರುವ ಉದ್ದದ ಫೋಟೊಗಳ ತಲೆ, ಕಾಲು ಎರಡಕ್ಕೂ ಗಂಡಾಂತರ. ಎಲ್ಲವನ್ನೂ ಮೊದಲೇ ಒಂದೇ ಆಕಾರಕ್ಕೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಪೋಸ್ಟರ್ ಈಗಾಗಲೇ ಕೈಯಲ್ಲಿದ್ದರೆ

ಡಿಸೈನ್ ಮಾಡಿಕೊಟ್ಟವರಲ್ಲಿ “ಇನ್‌ಸ್ಟಾಗ್ರಾಂಗೆ 1080×1350ದ್ದು ಒಂದು ಬೇರೆ ಮಾಡಿಕೊಡಿ” ಎಂದು ಕೇಳುವುದು ಎಲ್ಲಕ್ಕಿಂತ ಸುಲಭ. ಪತ್ರಿಕೆಗೆ ಹೇಳುವಾಗಲೇ ಇದನ್ನೂ ಹೇಳಿಬಿಟ್ಟರೆ ಅವರಿಗೂ ಭಾರವಲ್ಲ. ಹಾಗೆ ಮಾಡುವಾಗ ಎ4ರಲ್ಲಿದ್ದದ್ದನ್ನೆಲ್ಲ ತುರುಕಬೇಡಿ. ಸಮಿತಿಯ ಇಪ್ಪತ್ತು ಮಂದಿಯ ಫೋಟೊ ಪತ್ರಿಕೆಯಲ್ಲಿರಲಿ. ಮೊಬೈಲಿಗೆ ದೇವಸ್ಥಾನ, ದಿನ, ಹೊತ್ತು, ಮೇಳದ ಹೆಸರು, ಪ್ರಸಂಗ ಸಾಕು. (ಯಾರ ಫೋಟೊ ಬಿಡುವುದು ಎಂಬ ಚರ್ಚೆಗೆ ಈ ಲೇಖನದಲ್ಲಿ ಪರಿಹಾರವಿಲ್ಲ.)

ಜೆಪಿಜಿ ಬಿಟ್ಟರೆ ಬೇರೇನೂ ಸಿಗದಿದ್ದಾಗ ಹೀಗೆ ಮಾಡಿ. ಕ್ಯಾನ್ವಾ ಎಂಬ ಡಿಸೈನ್ ಆ್ಯಪ್‌ನಲ್ಲಿ ಅಳತೆ ಕೊಟ್ಟು 1080×1350ರ ಖಾಲಿ ಹಾಳೆ ತೆರೆಯಿರಿ. ಅದರೊಳಗೆ ಪೋಸ್ಟರನ್ನು ತಂದು, ಎತ್ತರ ಪೂರ್ತಿ ಹೊಂದುವಂತೆ ಮೂಲೆ ಹಿಡಿದು ಕುಗ್ಗಿಸಿ. ಎ4 ಆದರೆ ಅಗಲ ಸುಮಾರು 955ಕ್ಕೆ ನಿಲ್ಲುತ್ತದೆ. ಎಡಕ್ಕೆ ಅರವತ್ತು ಚಿಲ್ಲರೆ, ಬಲಕ್ಕೆ ಅಷ್ಟೇ ಪಿಕ್ಸೆಲ್ ಖಾಲಿ. 1080×1440ರ ಹಾಳೆಯಾದರೆ ಈ ಪಟ್ಟಿ ಇನ್ನೂ ಸಪೂರ, ಮೂವತ್ತರಷ್ಟು. ಆ ಪಟ್ಟಿಯನ್ನು ಬಿಳಿ ಬಿಡಬೇಡಿ. ಪೋಸ್ಟರಿನ ಅಂಚಿನ ಬಣ್ಣವನ್ನೇ ಆರಿಸಿ ಹಿನ್ನೆಲೆಗೆ ತುಂಬಿ. ಕುಂಕುಮ ಕೆಂಪಿನ ಅಂಚಿದ್ದರೆ ಕುಂಕುಮ ಕೆಂಪು. ಜೋಡಿಸಿದ್ದು ಎಂದೇ ಗೊತ್ತಾಗುವುದಿಲ್ಲ. ಅದೇ ಪೋಸ್ಟರನ್ನು ಮಸುಕು ಮಾಡಿ ಹಿಂದೆ ಹಾಸುವ ಪದ್ಧತಿಯೂ ಇದೆ. ನನಗಂತೂ ಅದನ್ನು ನೋಡಿದರೆ ಕಣ್ಣು ಮಂಜಾದ ಹಾಗಾಗುತ್ತದೆ. ಕ್ಯಾನ್ವಾ ಬೇಡವೆಂದರೆ ಸ್ನ್ಯಾಪ್‌ಸೀಡ್ ಎಂಬ ಎಡಿಟಿಂಗ್ ಆ್ಯಪ್‌ನಲ್ಲಿ ಎಕ್ಸ್‌ಪ್ಯಾಂಡ್ ಎಂಬ ಸಾಧನವಿದೆ, ಅಂಚನ್ನು ಎಳೆದು ಹಿಗ್ಗಿಸಿದರೆ ಕೆಲಸ ಮುಗಿಯುತ್ತದೆ.

4:5 ಪೋಸ್ಟ್ ಪ್ರೊಫೈಲ್‌ನ 3:4 ಪೆಟ್ಟಿಗೆಯಲ್ಲಿ ಕೂರುವಾಗ ಎಡಬಲಕ್ಕೆ ಸುಮಾರು 34 ಪಿಕ್ಸೆಲ್ ಮತ್ತೆ ಹೋಗುತ್ತದೆ. ಆದ್ದರಿಂದ ಹೊಸದಾಗಿ ಡಿಸೈನ್ ಮಾಡುವವರು ಎಲ್ಲ ಬದಿಯಲ್ಲೂ ಅಂಚಿನಿಂದ 70 ಪಿಕ್ಸೆಲ್ ಬಿಟ್ಟು ಒಳಗೇ ಅಕ್ಷರ ನಿಲ್ಲಿಸಿದರೆ ನಿಶ್ಚಿಂತೆ.

ಕನ್ನಡಕ್ಕೆ ಇನ್ನೂ ಸ್ವಲ್ಪ ಔದಾರ್ಯ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಮೇಲೆ ನಿಂತು ಮುಗಿಯುತ್ತವೆ. ನಮ್ಮವು ಒತ್ತಕ್ಷರ ಇಳಿಬಿಟ್ಟುಕೊಂಡು ನಿಲ್ಲುತ್ತವೆ. ಕೊನೆಯ ಸಾಲು “ಬ್ರಹ್ಮಕಲಶೋತ್ಸವ” ಎಂದಿದ್ದು ಅದರ ಕೆಳಗಿನ ತುಸು ಭಾಗ ಹೋಯಿತೆನ್ನಿ, ಓದುವವನಿಗೆ ಕಾಣುವುದು “ಬಹಕಲಶೋತವ”. ಮೇಲಿನ ಸಾಲಿನಲ್ಲಿ ಗುಡಿಸು ಹೋದರೆ ಅದು ಬೇರೆಯೇ ಅವಾಂತರ. ಕೊನೆಯ ಸಾಲಿನ ಕೆಳಗೆ ಅದೇ ಅಕ್ಷರದ ಇನ್ನೊಂದು ಸಾಲು ಹಿಡಿಯುವಷ್ಟು ಜಾಗ ಬಿಟ್ಟರೆ ಒತ್ತು ಉಳಿಯುತ್ತದೆ.

ಸ್ಟೋರಿ, ಸ್ಟೇಟಸ್, ರೀಲ್ಸ್

ಮೂರಕ್ಕೂ ಆಕಾರ 9:16, ಅಳತೆ 1080×1920. ಇಲ್ಲಿ ತೊಂದರೆ ಕತ್ತರಿಯದ್ದಲ್ಲ, ಮುಚ್ಚುವುದರದ್ದು. ಮೇಲೆ ನಿಮ್ಮ ಹೆಸರು, ಕೆಳಗೆ ಉತ್ತರ ಬರೆಯುವ ಪೆಟ್ಟಿಗೆ ಬಂದು ಕೂರುತ್ತವೆ. ಸ್ಟೋರಿಯಲ್ಲಿ ಮೇಲೆ 250, ಕೆಳಗೆ 340 ಪಿಕ್ಸೆಲ್ ಖಾಲಿ ಬಿಡಿ. ರೀಲ್ಸ್‌ನಲ್ಲಿ ಕ್ಯಾಪ್ಶನ್ನೂ ಹಾಡಿನ ಹೆಸರೂ ಸೇರುವುದರಿಂದ ಕೆಳಗಿನ ಮೂರನೇ ಒಂದು ಭಾಗವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ರೀಲ್ಸ್‌ನ ಮುಖಪುಟ ಪ್ರೊಫೈಲ್‌ನಲ್ಲಿ ಮತ್ತೆ 3:4ಕ್ಕೆ ಇಳಿಯುತ್ತದೆ: ಮೇಲೆ 240, ಕೆಳಗೆ 240 ಹೋಗುತ್ತದೆ. ಕಾರ್ಕಳದ 42 ಅಡಿಯ ಗೊಮ್ಮಟನನ್ನು ಪಾದದಿಂದ ತಲೆಯವರೆಗೆ ತುಂಬಿಸಿ ಮುಖಪುಟ ಮಾಡಿದರೆ, 1432ರಿಂದ ಮಳೆಗಾಳಿಗೆ ಜಗ್ಗದೆ ನಿಂತ ಮೂರ್ತಿಗೆ ಇನ್‌ಸ್ಟಾಗ್ರಾಂನಲ್ಲಿ ತಲೆಯೂ ಇಲ್ಲ, ಪಾದವೂ ಇಲ್ಲ. ಮುಖಪುಟಕ್ಕೆ ಸ್ವಲ್ಪ ದೂರದಿಂದ ತೆಗೆದ, ಮೂರ್ತಿ ನಡುವಿನ 1440ರೊಳಗೆ ನಿಲ್ಲುವ ಬೇರೆ ಚಿತ್ರ ಹಾಕಿ.

ಫೇಸ್‌ಬುಕ್ ಕವರ್ ಎಂಬ ತಲೆನೋವು

ಪೇಜಿನ ಕವರ್ ಚಿತ್ರ ಕಂಪ್ಯೂಟರಿನಲ್ಲಿ 851×315, ಫೋನಿನಲ್ಲಿ 640×360. ಒಂದು ಪಟ್ಟಿಯ ಹಾಗೆ, ಇನ್ನೊಂದು ಟಿವಿಯ ಹಾಗೆ. ಪಟ್ಟಿಯ ಆಕಾರದಲ್ಲಿ ಮಾಡಿದರೆ ಫೋನಿನಲ್ಲಿ ಎಡಬಲ ಹೋಗುತ್ತದೆ, ಸಂಘದ ಹೆಸರಿನ ಮೊದಲಕ್ಷರ, ಕೊನೆಯಕ್ಷರ ಎರಡೂ ಇಲ್ಲ. 16:9ರಲ್ಲಿ, 1640×924 ಎಂದಿಟ್ಟುಕೊಳ್ಳಿ, ಮಾಡುವುದು ವಾಸಿ. ಫೋನಿನಲ್ಲಿ ಪೂರ್ತಿ ಕಾಣುತ್ತದೆ, ಕಂಪ್ಯೂಟರಿನಲ್ಲಿ ಎತ್ತರದ ನಡುವಿನ ಮೂರನೇ ಎರಡು ಭಾಗ. ಹೆಸರು, ಮುಖ ಎಲ್ಲ ಆ ನಡುಭಾಗದಲ್ಲಿರಲಿ. ಮೇಲೆ ಆಕಾಶ, ಕೆಳಗೆ ಮಲ್ಪೆಯ ಮರಳು, ಹೋದರೂ ಯಾರೂ ಕೇಳುವುದಿಲ್ಲ. ಪ್ರೊಫೈಲ್ ಚಿತ್ರ ಕವರಿನ ಕೆಳ ಅಂಚಿನ ಮೇಲೆ ಬಂದು ಕೂರುತ್ತದೆ, ಅಲ್ಲಿ ಫೋನ್ ನಂಬರ್ ಹಾಕಬೇಡಿ.

ಡಿಪಿ ಹೆಚ್ಚಿನ ಕಡೆ ವೃತ್ತ. ಚೌಕದೊಳಗೆ ವೃತ್ತ ಎಳೆದರೆ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮೂಲೆಗಳಲ್ಲಿ ವ್ಯರ್ಥ. ಲೋಗೋದ ಮೂಲೆಯಲ್ಲಿ ಸ್ಥಾಪನೆಯ ವರ್ಷ ಬರೆಸಿಕೊಂಡ ಸಂಘಗಳು ಅದನ್ನು ಒಳಗೆ ತರಬೇಕು.

ಯೂಟ್ಯೂಬ್ ಥಂಬ್‌ನೇಲ್ 1280×720. ಕೆಳಗಿನ ಬಲ ಮೂಲೆಯಲ್ಲಿ ವಿಡಿಯೊದ ಅವಧಿ ಬರುತ್ತದೆ, ಅಲ್ಲಿ ಅಕ್ಷರ ಬೇಡ.

ಈಗಿನ ಎಕ್ಸ್, ಆಗಿನ ಟ್ವಿಟರ್, ಚಿತ್ರದ ಯಾವ ಭಾಗ ಮುಖ್ಯ ಎಂಬುದನ್ನು ತಂತ್ರಾಂಶವೇ ಊಹಿಸಿ ಕತ್ತರಿಸುವಂತೆ ಮಾಡಿತ್ತು. ಅದು ಕಪ್ಪು ಜನರಿಗಿಂತ ಬಿಳಿಯರ ಮುಖವನ್ನೇ ಹೆಚ್ಚಾಗಿ ಆರಿಸುತ್ತಿದೆ ಎಂಬ ದೂರು 2020ರಲ್ಲಿ ಎದ್ದಿತು. ಕಂಪನಿಯ ಸ್ವಂತ ಪರಿಶೀಲನೆಯಲ್ಲೂ ಭೇದ ಕಂಡುಬಂತು. 2021ರಲ್ಲಿ ಆ ಕತ್ತರಿಯನ್ನು ಕೆಳಗಿಟ್ಟು, 16:9 ಮತ್ತು 4:3ರ ಒಂಟಿ ಚಿತ್ರಗಳನ್ನು ಫೋನಿನಲ್ಲಿ ಪೂರ್ತಿ ತೋರಿಸತೊಡಗಿತು. ಯಂತ್ರದ ಊಹೆಗೆ ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಳಿಸುವಾಗ, ಹಾಕುವಾಗ

ಪ್ರೆಸ್ಸಿನಿಂದ ಫೈಲ್ ತರಿಸಿಕೊಳ್ಳುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಬೇಡ, ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಫೋಟೊ ಎಂದರೆ ಕುಗ್ಗಿ ಬರುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಕುಗ್ಗುವುದು ಕಡಿಮೆ, ಆದರೆ ಮೂಲ ಫೈಲ್ ಹಾಗೆಯೇ ಬರುವುದು ಡಾಕ್ಯುಮೆಂಟ್‌ನಲ್ಲಿ. ಅಕ್ಷರವೇ ಹೆಚ್ಚಿರುವ ಪೋಸ್ಟರಿಗೆ ಪಿಎನ್‌ಜಿ, ಫೋಟೊಗೆ ಜೆಪಿಜಿ ಒಳ್ಳೆಯದು. ಅಚ್ಚಿಗೆಂದು ಸಿಎಂವೈಕೆ ಎಂಬ ಮುದ್ರಣದ ಬಣ್ಣಕ್ರಮದಲ್ಲಿ ಉಳಿಸಿದ ಫೈಲಿನ ಬಣ್ಣ ಮೊಬೈಲಿನಲ್ಲಿ ಬೇರೆಯೇ ಕಾಣಬಹುದು, ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಲ್ಲಿ ಕೊಡಿ ಎನ್ನಿ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಬೇಕೇ ಎಂದು ಕೇಳಿದರೆ ಬೇಡ. ಅದು ಕಾಗದದ ಲೆಕ್ಕ, ಪರದೆಗೆ ಪಿಕ್ಸೆಲ್ ಮಾತ್ರ ಮುಖ್ಯ.

ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಆರಿಸಿದ ಕೂಡಲೇ ‘ನೆಕ್ಸ್ಟ್’ ಒತ್ತಬೇಡಿ. ಚಿತ್ರದ ಮೂಲೆಯಲ್ಲಿ ಆಕಾರ ಬದಲಿಸುವ ಸಣ್ಣ ಗುರುತು ಇರುತ್ತದೆ. ಅದು ಚೌಕದಲ್ಲಿ ನಿಂತಿದ್ದರೆ ಇಷ್ಟು ಹೊತ್ತು ಮಾಡಿದ ತಯಾರಿಯೆಲ್ಲ ನೀರಿಗೆ ಹಾಕಿದ ಹೋಮ. ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಪ್ರೊಫೈಲ್‌ನ ಪೆಟ್ಟಿಗೆಯಲ್ಲಿ ಮಾತ್ರ ಚಿತ್ರ ಸರಿದಿದ್ದರೆ ಪೋಸ್ಟ್‌ನ ಮೂರು ಚುಕ್ಕಿ ಒತ್ತಿ ಪ್ರೀವ್ಯೂ ಸರಿಪಡಿಸಬಹುದು. ಪೋಸ್ಟ್‌ನಲ್ಲೇ ತಾರೀಕು ಹೋಗಿದ್ದರೆ ಅಳಿಸಿ ಹೊಸದಾಗಿ ಹಾಕುವುದೇ ದಾರಿ, ಅದೂ ಯಾರಾದರೂ ಶೇರ್ ಮಾಡುವುದರೊಳಗೆ.