ಉಪ್ಪರಿಗೆಯ ಹೆಜ್ಜೆ ಸದ್ದನ್ನು ತಗ್ಗಿಸಿದ ಬಗೆ

ಮಲೆನಾಡಿನ ನಮ್ಮ ಹಳೆಯ ಮನೆಯ ಉಪ್ಪರಿಗೆಗೆ ಮರದ ತೊಲೆಗಳ ಮೇಲೆ ಒಂದೇ ಪದರ ಹಲಗೆ ಹಾಸಿದ್ದುದರಿಂದ, ಮೇಲೆ ಮಕ್ಕಳು ಓಡಿದರೆ ಕೆಳಗೆ ಮಲಗಿದ್ದ ಅಮ್ಮನಿಗೆ ಚಂಡೆ ಬಾರಿಸಿದಂತೆ ಕೇಳುತ್ತಿತ್ತು. ಮೊದಲು ದಪ್ಪ ಜಮಖಾನ ಹಾಸಿದೆ. ಲೋಟ ಬಿದ್ದ ಟಣ್ ಸದ್ದು ತಗ್ಗಿತೇ ಹೊರತು ಹೆಜ್ಜೆಯ ಧಂ ಧಂ ಹಾಗೆಯೇ ಉಳಿಯಿತು. ಕಾಂಕ್ರೀಟಿಗಿರುವ ತೂಕ ಹಲಗೆಗೆ ಇಲ್ಲದ ಕಾರಣ, ಇಂತಹ ಮಂದ್ರ ಸದ್ದನ್ನು ಅದು ತಡೆಯಲಾರದು.

ಆದ್ದರಿಂದ, ತೊಲೆಗಳು ಹೊರೆಯನ್ನು ತಾಳಬಲ್ಲವೆಂದು ಎಂಜಿನಿಯರರಿಂದ ಖಚಿತಪಡಿಸಿಕೊಂಡು, ಹಲಗೆಯ ಮೇಲೆ 10 ಮಿ.ಮೀ. ರಬ್ಬರ್ ಹಾಸನ್ನೂ ಅದರ ಮೇಲೆ 12 ಮಿ.ಮೀ. ಸಿಮೆಂಟ್ ಬೋರ್ಡಿನ ಎರಡು ಪದರಗಳನ್ನೂ, ಸಂದುಗಳು ಒಂದರ ಮೇಲೊಂದು ಬಾರದಂತೆ, ಹಾಕಿಸಿದೆ. ಬೋರ್ಡುಗಳಿಂದಲೇ ಚದರ ಮೀಟರಿಗೆ ಸುಮಾರು 30 ಕಿಲೋ ತೂಕ ಸೇರಿತು.

ಆದರೂ ಸದ್ದು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಬಿಚ್ಚಿ ನೋಡಿದರೆ, ಬೋರ್ಡುಗಳನ್ನು ಜೋಡಿಸಲು ಬಳಸಿದ ಉದ್ದನೆಯ ಸ್ಕ್ರೂಗಳು ರಬ್ಬರನ್ನು ದಾಟಿ ಹಲಗೆಗೇ ಇಳಿದಿದ್ದವು. ಅಂಚುಗಳು ಗೋಡೆಗೂ ತಾಗಿದ್ದವು. ಕಂಪನಕ್ಕೆ ನಾವೇ ಸೇತುವೆ ಕಟ್ಟಿದಂತಾಗಿತ್ತು! 20 ಮಿ.ಮೀ. ಸ್ಕ್ರೂಗಳನ್ನು ಹಾಕಿಸಿ, ಸುತ್ತಲೂ 8 ಮಿ.ಮೀ. ಸಂದು ಬಿಟ್ಟು ಅದರಲ್ಲಿ ಫೋಮ್ ಪಟ್ಟಿ ಇರಿಸಿದ ಮೇಲೆ ವ್ಯತ್ಯಾಸ ಸ್ಪಷ್ಟವಾಯಿತು.

ಕೆಳಗಿನಿಂದ ತೊಲೆಗಳ ನಡುವೆ ರಾಕ್‌ವೂಲ್ (ಕಲ್ಲಿನ ನಾರಿನ ಉಣ್ಣೆಯಂಥ ಹಾಸು) ತುಂಬಿ ಜಿಪ್ಸಂ ಸೀಲಿಂಗ್ ತೂಗಿಸಿದ್ದರೆ ಇನ್ನೂ ತಗ್ಗುತ್ತಿತ್ತು. ಆದರೆ ತೊಲೆ ಮುಚ್ಚಿದರೆ ಗೆದ್ದಲು ಕಾಣದೆಂದು ಅಮ್ಮ ಒಪ್ಪಲಿಲ್ಲ. ನೆಲ 34 ಮಿ.ಮೀ. ಏರಿದ್ದರಿಂದ ಬಾಗಿಲುಗಳ ತಳವನ್ನು ಮಾತ್ರ ಕೊಯ್ಯಿಸಬೇಕಾಯಿತು.